ಮಾತ್ರೆ ನುಂಗಿದ್ದೀರಾ?

1894ರಲ್ಲಿ ಲಂಡನ್ನಿನ ವೈದ್ಯ ಜೆ. ಎಫ್. ಪೇನ್ ಲೂಪಸ್ ರೋಗಿಗಳಿಗೆ ಕ್ವಿನೈನ್ ಕೊಟ್ಟು ನೋಡಿದರು. ಮಲೇರಿಯಾದ ಮದ್ದು ಮುಖದ ಕೆಂಪು ದದ್ದಿಗೆ ಏಕೆ ನಾಟಬೇಕು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಅದೇ ಬಳಗದ ಮೆಪಕ್ರಿನ್ ಹಂಚಿದರು. 1951ರಲ್ಲಿ ಪೇಜ್ ಎಂಬ ವೈದ್ಯರು ಅದನ್ನು ಲೂಪಸ್‌ಗೆ ಬಳಸಿ 'ಲಾನ್ಸೆಟ್'ನಲ್ಲಿ ಬರೆದರು. 1955ರಲ್ಲಿ ಅಮೆರಿಕದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಅನುಮತಿ ಸಿಕ್ಕಿತು. ಹೆಸರು ಉದ್ದ, ಮಾತ್ರೆ ಸಣ್ಣದು.

ಆಮೇಲೆ ದಶಕಗಳ ಕಾಲ ಅದನ್ನು ಅಂದಾಜಿನ ಮೇಲೆ ಕೊಟ್ಟರು. ಮದ್ದಿನ ಬೆಲೆಯೇನೋ 1991ರಲ್ಲಿ ಕೆನಡಾದ ಪ್ರಯೋಗದಿಂದ ಗಟ್ಟಿಯಾಗಿತ್ತು: 47 ರೋಗಿಗಳಲ್ಲಿ ಮದ್ದು ನಿಲ್ಲಿಸಿದವರಿಗೆ ರೋಗ ಮರುಕಳಿಸುವ ಅಪಾಯ ಎರಡೂವರೆ ಪಟ್ಟು. ಆದರೆ ಒಬ್ಬೊಬ್ಬರ ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡುವ ರೂಢಿ ಇರಲಿಲ್ಲ.

ಪ್ಯಾರಿಸ್ಸಿನಲ್ಲಿ ನತಾಲಿ ಕೊಸ್ತೆದೊವಾ-ಶಾಲ್ಯುಮೊ ಮತ್ತು ಸಂಗಡಿಗರು ಅದನ್ನು ನೋಡಿದರು. ದಿನಕ್ಕೆ 400 ಮಿಲಿಗ್ರಾಂ ಬರೆದುಕೊಟ್ಟಿದ್ದ 143 ಲೂಪಸ್ ರೋಗಿಗಳು. ಡೋಸ್ ಒಂದೇ, ರಕ್ತದ ಅಂಕಿ ಮಾತ್ರ ಬೇರೆ ಬೇರೆ. ರೋಗ ಕೆರಳಿದ್ದವರಲ್ಲಿ ಸರಾಸರಿ ಮಿಲಿಲೀಟರಿಗೆ 694 ನ್ಯಾನೊಗ್ರಾಂ, ಶಾಂತವಾಗಿದ್ದವರಲ್ಲಿ 1079. 2006ರಲ್ಲಿ ಈ ವರದಿ ಬಂದಾಗ, ಅಂಕಿಯನ್ನು 1000 ದಾಟಿಸಿದರೆ ರೋಗ ಅಡಗೀತು ಎಂಬ ಆಸೆ ಹುಟ್ಟಿದ್ದು ಸಹಜ.

ಆ ಆಸೆಯನ್ನೂ ಅವರೇ ಪರೀಕ್ಷೆಗೆ ಒಡ್ಡಿದರು. ಪ್ಲಸ್ ಎಂಬ ಆ ಪ್ರಯೋಗದಲ್ಲಿ ಅಂಕಿ ಕಡಿಮೆಯಿದ್ದ 171 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಡೋಸ್ ಏರಿಸಿದರು. ಏಳು ತಿಂಗಳಲ್ಲಿ ಮರುಕಳಿಸಿದ್ದು ಒಂದರಲ್ಲಿ ನೂರಕ್ಕೆ 25, ಇನ್ನೊಂದರಲ್ಲಿ 27.6. ಅಂದರೆ ವ್ಯತ್ಯಾಸವೇ ಇಲ್ಲ. ತಮ್ಮದೇ ಊಹೆಯನ್ನು ತಾವೇ ಬೀಳಿಸಿ 2013ರಲ್ಲಿ ಪ್ರಕಟಿಸಿದ್ದು ಸಣ್ಣ ಸಂಗತಿಯಲ್ಲ.

ಹಾಗಿದ್ದರೆ ಪರೀಕ್ಷೆ ವ್ಯರ್ಥವೇ? ಉತ್ತರ ಅದೇ ತಂಡದ 2007ರ ಬರಹದಲ್ಲಿತ್ತು. 203 ರೋಗಿಗಳಲ್ಲಿ 14 ಮಂದಿ, ತಾವು ಮಾತ್ರೆಯನ್ನು ನುಂಗಿಯೇ ಇಲ್ಲ ಅಥವಾ ವಾರಕ್ಕೆ ಒಂದೆರಡು ಸಲ ಮಾತ್ರ ನುಂಗಿದ್ದೇವೆ ಎಂದು ಒಪ್ಪಿಕೊಂಡರು. ಅವರ ರಕ್ತದಲ್ಲಿದ್ದದ್ದು ಸರಾಸರಿ 26 ನ್ಯಾನೊಗ್ರಾಂ. ಈ ಮದ್ದು ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ಅರ್ಧಕ್ಕಿಳಿಯಲು ಸುಮಾರು 40 ದಿನ ಬೇಕು. ಒಂದು ರಾತ್ರಿ ಮರೆತದ್ದು ಅಂಕಿಯಲ್ಲಿ ಕಾಣುವುದಿಲ್ಲ, ತಿಂಗಳುಗಟ್ಟಲೆ ಬಿಟ್ಟದ್ದು ಮುಚ್ಚಿಡಲಾಗುವುದಿಲ್ಲ. ಡಾಕ್ಟರರ ಭೇಟಿಯ ಹಿಂದಿನ ದಿನ ನಾಲ್ಕು ಮಾತ್ರೆ ನುಂಗಿದರೂ ಅಷ್ಟೇ.

ಇಂಗ್ಲಿಷ್ ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ಮೊದಲು 'ಕಂಪ್ಲಯನ್ಸ್' ಎನ್ನುತ್ತಿದ್ದರು. ಅದರಲ್ಲಿ ವಿಧೇಯತೆಯ ವಾಸನೆ ಇತ್ತು. ಈಗ 'ಅಡ್ಹಿರೆನ್ಸ್'. ಪದ ಬದಲಾದರೂ, ಅಂಕಿ ನೋಡಿದ ಕೂಡಲೇ ಗದರುವ ವೈದ್ಯರ ಕೈಯಲ್ಲಿ ಪರೀಕ್ಷೆ ಪೊಲೀಸಿನವನ ಲಾಠಿಯೇ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಮಾತ್ರೆ ಬಿಟ್ಟದ್ದಕ್ಕೆ ವಾಕರಿಕೆ, ಬಸಿರಿನ ಭಯ, ಕಣ್ಣಿನ ಭಯ, ಏನೂ ಕಾರಣವಿರಬಹುದು. ಅದನ್ನು ತಿಳಿಯಲು ಕೇಳಲೇಬೇಕು. ಅಂಕಿ ಇಲ್ಲದಿದ್ದರೆ ವೈದ್ಯರು ಮದ್ದು ಸೋತಿತೆಂದು ಭಾವಿಸಿ, ಇನ್ನೂ ಕಟುವಾದ ಮದ್ದಿಗೆ ಕೈ ಹಾಕುತ್ತಾರೆ.

ಕಣ್ಣಿನ ಭಯ ಸುಳ್ಳಲ್ಲ. 2014ರಲ್ಲಿ ಮೆಲೆಸ್ ಮತ್ತು ಮಾರ್ಮರ್ 2361 ರೋಗಿಗಳನ್ನು ಪರಿಶೀಲಿಸಿ, ಇಪ್ಪತ್ತು ವರ್ಷ ದಾಟಿದಾಗ ಅಕ್ಷಿಪಟಲದ ಹಾನಿ ಹೇಗೆ ಏರುತ್ತದೆಂದು ತೋರಿಸಿದರು. 2016ರಿಂದ ಅಮೆರಿಕದ ನೇತ್ರವೈದ್ಯರ ಮಿತಿ ದಿನಕ್ಕೆ, ದೇಹತೂಕದ ಕಿಲೋಗೆ 5 ಮಿಲಿಗ್ರಾಂ. ಡೋಸ್ ಇಳಿದಂತೆ ರಕ್ತದ ಅಂಕಿಯೂ ಇಳಿಯುತ್ತದೆ. ಎಷ್ಟು ಇಳಿದರೆ ರೋಗ ಕೆರಳುತ್ತದೆ ಎಂಬ ಪ್ರಶ್ನೆ ಮತ್ತೆ ಪ್ರಯೋಗಶಾಲೆಯ ಬಾಗಿಲಿಗೆ ಬಂದಿದೆ.