ಹಂಪನಕಟ್ಟೆ: ಮಂಗಳೂರಿನ ನಡುಪೇಟೆ ಮತ್ತು ಅಲ್ಲಿನ ಜನ

ಮಂಗಳೂರು ನಗರದ ಕೇಂದ್ರಸ್ಥಾನ ಯಾವುದೆಂದು ಯಾರನ್ನು ಕೇಳಿದರೂ ಹಂಪನಕಟ್ಟೆ ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ಹಂಪನಕಟ್ಟೆಯ ನಿವಾಸಿಗಳು ಯಾರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ದಿನವೂ ಸಾವಿರಾರು ಜನ ಬಂದುಹೋಗುವ ಈ ಪೇಟೆಯ ಇತಿಹಾಸವನ್ನೂ ಇಂದಿನ ಜನರನ್ನೂ ವಾಚಕರಿಗೆ ಸಂಕ್ಷಿಪ್ತವಾಗಿ ಪರಿಚಯಿಸಲು ನಾವಿಲ್ಲಿ ಪ್ರಯತ್ನಿಸಿದ್ದೇವೆ.

ಹೆಸರಿನ ಹಿನ್ನೆಲೆ

ಹಿಂದೆ ಅಪ್ಪಣ್ಣ ಎಂಬ ವೃದ್ಧನೊಬ್ಬ ಇಲ್ಲಿನ ಕಟ್ಟೆಯ ಬಳಿ ದಾರಿಹೋಕರಿಗೆ ಕುಡಿಯುವ ನೀರು ಕೊಡುತ್ತಿದ್ದನೆಂದೂ, 'ಅಪ್ಪಣನ ಕಟ್ಟೆ'ಯೇ ಕಾಲಕ್ರಮೇಣ ಹಂಪನಕಟ್ಟೆ ಆಯಿತೆಂದೂ ಹಿರಿಯರು ಹೇಳುತ್ತಾರೆ. ಇದು ಜನರ ಬಾಯಲ್ಲಿ ಉಳಿದುಬಂದ ಮಾತು. 2021ರಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಗಾಗಿ ವೃತ್ತದ ಬಳಿ ರಸ್ತೆ ಅಗೆದಾಗ ಹಳೆಯ ಬಾವಿಯೊಂದು ಕಾಣಿಸಿಕೊಂಡಿತು. ಅಪ್ಪಣ್ಣನ ಕಥೆ ಮತ್ತೆ ಎಲ್ಲರ ನೆನಪಿಗೆ ಬಂತು. ಕಟ್ಟೆ ಎಂದರೆ ದಣಿದವನು ಕೂತು ಸುಧಾರಿಸಿಕೊಳ್ಳುವ ಜಾಗ. ಈ ಅರ್ಥವನ್ನು ನೆನಪಿನಲ್ಲಿಟ್ಟು ಮುಂದೆ ಓದಬೇಕೆಂದು ನಮ್ಮ ಕೋರಿಕೆ.

ಮಿಲಾಗ್ರಿಸ್ ಇಗರ್ಜಿ

ಹಂಪನಕಟ್ಟೆಯ ಹಳೆಯ ಗುರುತುಗಳಲ್ಲಿ ಮಿಲಾಗ್ರಿಸ್ ಇಗರ್ಜಿ ಪ್ರಮುಖವಾದುದು. 1680ರಲ್ಲಿ ಬಿಷಪ್ ಥೋಮಸ್ ದೆ ಕಾಸ್ತ್ರೊ ಇದನ್ನು ಸ್ಥಾಪಿಸಿದರು. ಗೋವೆಯ ದಿವಾಡಿಯವರಾದ ಇವರು ಥಿಯಾಟಿನ್ ಸಭೆಗೆ ಸೇರಿದವರು. ಇಗರ್ಜಿಗೆ ಜಾಗ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಹೋದಾಗ ಇಗರ್ಜಿ ನೆಲಸಮವಾಯಿತು. 1799ರ ಬಳಿಕ ಬದುಕುಳಿದು ಮರಳಿದವರು ಇಲ್ಲಿ ಮತ್ತೆ ಧರ್ಮಕೇಂದ್ರವನ್ನು ಕಟ್ಟಿಕೊಂಡರು. ಈಗಿನ ಕಟ್ಟಡ 20ನೇ ಶತಮಾನದ ಆರಂಭದ್ದು.

ಬಾವುಟಗುಡ್ಡದಿಂದ ರೈಲು ನಿಲ್ದಾಣದವರೆಗೆ

ಹಂಪನಕಟ್ಟೆಯಿಂದ ಏರು ಹತ್ತಿದರೆ ಬಾವುಟಗುಡ್ಡ. 1837ರ ಏಪ್ರಿಲ್ 5ರಂದು ಅಮರ ಸುಳ್ಯದ ರೈತ ಹೋರಾಟಗಾರರು ಕಂಪೆನಿ ಸರಕಾರದ ಧ್ವಜ ಇಳಿಸಿ ತಮ್ಮ ಬಾವುಟ ಹಾರಿಸಿದ ಸ್ಥಳವಿದು. ಅದೇ ಗುಡ್ಡದ ಮೇಲಿನ ಸಂತ ಅಲೋಶಿಯಸ್ ಕಾಲೇಜನ್ನು ಜೆಸ್ವಿತರು 1880ರಲ್ಲಿ ಆರಂಭಿಸಿದರು. ಕೆಳಗೆ, 1860ರ ದಶಕದ ಕೊನೆಯಲ್ಲಿ ಹುಟ್ಟಿದ ಸರಕಾರಿ ಕಾಲೇಜು ಇಂದು ವಿಶ್ವವಿದ್ಯಾನಿಲಯ ಕಾಲೇಜೆಂದು ಹೆಸರಾಗಿದೆ. 1848ರಲ್ಲಿ ಆರಂಭವಾದ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಮತ್ತು ಹೆರಿಗೆಗೆ ಹೆಸರಾದ ಲೇಡಿಗೋಶನ್ ಆಸ್ಪತ್ರೆ ನಡೆದುಹೋಗುವಷ್ಟು ದೂರದಲ್ಲಿವೆ. 1907ರಲ್ಲಿ ಬಂದ ರೈಲು ನಿಲ್ದಾಣವೂ ಹತ್ತಿರದಲ್ಲೇ ಇದೆ.

ಇಲ್ಲಿನ ಎರಡು ಹೆಸರುಗಳನ್ನು ನಾವು ದಿನವೂ ಹೇಳುತ್ತೇವೆ, ಆದರೆ ಅವುಗಳ ಹಿಂದಿನ ವ್ಯಕ್ತಿಗಳನ್ನು ನೆನೆಯುವುದು ಕಡಿಮೆ. ಕೆ.ಎಸ್. ರಾವ್ ರಸ್ತೆಯ ಕಾರ್ನಾಡ್ ಸದಾಶಿವ ರಾವ್ (1881-1937) ತಮ್ಮ ಆಸ್ತಿಯನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದವರು. ಪುರಭವನಕ್ಕೆ ಹೆಸರಾದ ಕುದ್ಮುಲ್ ರಂಗರಾವ್ (1859-1928) ದಲಿತರ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಅನುಭವಿಸಿದವರು.

ಮಾರುಕಟ್ಟೆಯವರು

ಸೆಂಟ್ರಲ್ ಮಾರ್ಕೆಟ್ ಬಹುಕಾಲ ಈ ಪೇಟೆಯ ಜೀವಾಳವಾಗಿತ್ತು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಅಲ್ಲಿ ಒಂದೇ ತಕ್ಕಡಿಯ ಮುಂದೆ ಕೇಳಿಸುತ್ತಿದ್ದವು. 2020ರಲ್ಲಿ, ಕೊರೊನಾ ಲಾಕ್‌ಡೌನ್ ಸಮಯದಲ್ಲಿ, ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರಿಸಲಾಯಿತು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹಳೆಯ ಕಟ್ಟಡವನ್ನು ಆ ಬಳಿಕ ಕೆಡವಲಾಯಿತು. ಕಟ್ಟಡ ಹಳತಾಗಿತ್ತೆಂಬುದು ನಿಜ. ಆದರೆ ಅಂಗಡಿಗೆ ಬದಲಿ ಜಾಗ ಕೇಳಬಹುದು. ಅಂಗಡಿಯ ಮುಂದೆ ಬುಟ್ಟಿ ಇಟ್ಟು ಬಸಳೆ, ಹರಿವೆ ಮಾರುವ ಹೆಂಗಸು, ಮೂಟೆ ಹೊರುವ ಕೂಲಿಯಾಳು ಯಾವ ದಾಖಲೆ ತೋರಿಸಿ ಕೇಳಬೇಕು?

ಇಂದಿನ ನಿವಾಸಿಗಳು

ಹೆಂಚಿನ ಮಾಡು, ಜಗಲಿ, ಬಾವಿ, ಹಿತ್ತಿಲಲ್ಲಿ ಹಲಸು ಇದ್ದ ಮನೆಗಳು ನಡುಪೇಟೆಯಲ್ಲಿ ಈಗ ಅಪರೂಪ. ಜಾಗದ ಬೆಲೆ ಏರಿದಂತೆ ಮನೆಗಳು ಕಾಂಪ್ಲೆಕ್ಸುಗಳಾದವು. ಮಕ್ಕಳು ಗಲ್ಫಿಗೆ, ಬೆಂಗಳೂರಿಗೆ, ವಿದೇಶಕ್ಕೆ ಹೋದರು. ಉಳಿದವರಲ್ಲಿ ಫ್ಲ್ಯಾಟಿನಲ್ಲಿ ಒಂಟಿಯಾಗಿರುವ ವೃದ್ಧರೂ ಇದ್ದಾರೆ. ಗುರಿಕಾರರ ಪುಸ್ತಕದಲ್ಲಿ ಇವರ ಹೆಸರಿದೆ, ಇವರನ್ನು ಹುಡುಕಿಕೊಂಡು ಹೋಗಲು ದಾರಿಯಿದೆ.

ಆದರೆ ಇಲ್ಲಿ ರಾತ್ರಿ ಕಳೆಯುವ ಇತರರು ಆ ಪುಸ್ತಕದಲ್ಲಿಲ್ಲ. ವೆನ್ಲಾಕಿನಲ್ಲಿ ರೋಗಿಯನ್ನು ಮಲಗಿಸಿ ವರಾಂಡದಲ್ಲಿ ಚಾಪೆ ಹಾಸುವ ದೂರದೂರಿನ ಬಂಧುಗಳು, ಹಾಸ್ಟೆಲು-ಪಿ.ಜಿ.ಗಳ ವಿದ್ಯಾರ್ಥಿಗಳು, ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಕೆಲಸಗಾರರು, ಉತ್ತರ ಕರ್ನಾಟಕದಿಂದಲೂ ಉತ್ತರ ಭಾರತದಿಂದಲೂ ಬಂದ ಕಟ್ಟಡ ಕಾರ್ಮಿಕರು ಇವರು. ಇವರಿಗೆ ಇಲ್ಲಿ ಮನೆಯಿಲ್ಲ, ಮತವಿಲ್ಲ, ವಾರ್ಡಿಲ್ಲ. ಆದರೂ ನಡುಪೇಟೆ ನಡೆಯುವುದು ಇವರಿಂದಲೇ. ನಮ್ಮ ಅಭಿಪ್ರಾಯದಲ್ಲಿ ಇವರೂ ಹಂಪನಕಟ್ಟೆಯ ನಿವಾಸಿಗಳೇ.

ಪಾಲನಾ ಸಮಿತಿಗಳು ಯೋಚಿಸಬೇಕಾದ ವಿಷಯ ಇಲ್ಲಿದೆ. ಕುಟುಂಬಗಳ ಸಂಖ್ಯೆ ಇಳಿಯಿತೆಂದು ನಾವು ಚಿಂತಿಸುತ್ತೇವೆ, ಅದು ಸಹಜ. ಆದರೆ ಪೇಟೆಯ ಧರ್ಮಕೇಂದ್ರವನ್ನು ಕುಟುಂಬಗಳ ಪಟ್ಟಿಯಿಂದ ಮಾತ್ರ ಅಳೆಯಲಾಗದು. ಇಂದು ನಡುಪೇಟೆಯಲ್ಲಿ ಏನಾದರೂ ಖರೀದಿಸದೆ ಹತ್ತು ನಿಮಿಷ ಕುಳಿತುಕೊಳ್ಳಲು ಜಾಗ ಸಿಗುವುದು ಕಷ್ಟ. ಹಗಲಿಡೀ ತೆರೆದಿರುವ ಬಾಗಿಲು, ನೆರಳಿನಲ್ಲೊಂದು ಬೆಂಚು, ಕುಡಿಯುವ ನೀರಿನ ನಳ್ಳಿ, ವಾರಕ್ಕೊಮ್ಮೆ ಆಸ್ಪತ್ರೆಯ ವಾರ್ಡಿಗೆ ಹೋಗಿ ಜಾತಿ-ಮತ ಕೇಳದೆ ವಿಚಾರಿಸುವ ನಾಲ್ಕು ಜನ ಸ್ವಯಂಸೇವಕರು - ಇವಕ್ಕೆ ದೊಡ್ಡ ಖರ್ಚೇನೂ ಇಲ್ಲ. ಅಪ್ಪಣ್ಣ ಈ ಊರಿಗೆ ಹೆಸರು ಬಿಟ್ಟುಹೋದದ್ದು ಒಂದು ತಂಬಿಗೆ ನೀರಿನಿಂದ ಎಂಬುದನ್ನು ಪೇಟೆಯ ಧರ್ಮಕೇಂದ್ರಗಳು ಮರೆಯದಿರಲಿ.