ಮೊಬೈಲಿನೊಳಗಣ ಲೇಖ್ಯ

ವಿಜಯಪುರದ ಗಾಂಧಿ ಚೌಕದಿಂದ ಅಸರ್ ಮಹಲು ಹೆಚ್ಚು ದೂರದಲ್ಲಿಲ್ಲ. ಕ್ರಿ. ಶ. ೧೬೪೬ರ ಸುಮಾರಿಗೆ ಮಹಮ್ಮದ್ ಆದಿಲಶಾಹನು ಅದನ್ನು ನ್ಯಾಯಸ್ಥಾನಕ್ಕೆಂದು ಕಟ್ಟಿಸಿದನು. ಆಗ ಅದಕ್ಕೆ ದಾದ್ ಮಹಲೆಂದು ಹೆಸರು. ಆ ಕಾಲದ ವಾದಿ ಪ್ರತಿವಾದಿಗಳ ಪುರಾವೆಯು ಕಾಗದ, ಮುದ್ರೆ, ಬಾಯಿಮಾತುಗಳಲ್ಲಿದ್ದಿತು. ಇಂದು ಚೌಕದ ಪೊಲೀಸ್ ಠಾಣೆಯಲ್ಲಾಗಲಿ ನಾಡಿನ ಮತ್ತಾವ ಠಾಣೆಯಲ್ಲಾಗಲಿ, ಎಷ್ಟೋ ಮೊಕದ್ದಮೆಗಳಲ್ಲಿ ಪುರಾವೆಯನ್ನು ಹುಡುಕುವುದು ಅಂಗೈಯಗಲದ ಮೊಬೈಲಿನಲ್ಲಿ.

ಲೇಖ್ಯವು ಕೆಡುವ ಬಗೆಗಳನ್ನು ನಮ್ಮ ಧರ್ಮಶಾಸ್ತ್ರಕಾರರು ಅರಿಯದವರಲ್ಲ. ಪತ್ರವು ದೇಶಾಂತರದಲ್ಲಿದ್ದರೆ, ಅಕ್ಷರಗಳು ಅಳಿಸಿಹೋದರೆ, ಕಳುವಾದರೆ, ಹರಿದರೆ, ಸುಟ್ಟರೆ ಬೇರೊಂದನ್ನು ಬರೆಯಿಸಬೇಕೆಂದು ಯಾಜ್ಞವಲ್ಕ್ಯನ ವಿಧಿ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ವ್ಯಾಖ್ಯಾನಿಸಿರುವನು. ಮೊಬೈಲಿಗೂ ಈ ಕೇಡುಗಳೆಲ್ಲ ಉಂಟು. ಅದರ ಬರಹವು ಅನೇಕ ವೇಳೆ ಪರದೇಶದ ಸರ್ವರಿನಲ್ಲಿಯೇ ಇರುವುದು. ಆದರೆ ಬೇರೊಂದನ್ನು ಬರೆಯಿಸುವ ಉಪಾಯವಿಲ್ಲ. ಅಳಿಸಿದ ಚಿತ್ರವು ಒಡನೆಯೇ ನಾಶವಾಗದು, ಅದರ ಸ್ಥಳವು ತೆರವೆಂದು ಗುರುತಾಗುವುದಷ್ಟೆ. ತರುವಾಯ ಫೋನು ತಾನಾಗಿಯೇ ಆ ಸ್ಥಳವನ್ನು ಒರಸಿಬಿಡುವುದು. ಆದುದರಿಂದ ವಶಕ್ಕೆ ತೆಗೆದುಕೊಂಡ ಮೊಬೈಲನ್ನು ಕುತೂಹಲದಿಂದ ತೆರೆದು ನೋಡುವ ಅಧಿಕಾರಿಯು ಕಳ್ಳನಿಗೇ ಉಪಕಾರ ಮಾಡಿದಂತೆ. ಇನ್ನು ಬೀಗ, ಇದು ಪ್ರಾಚೀನರು ಕಾಣದ ಕೇಡು. ಇತ್ತೀಚಿನ ಫೋನುಗಳಲ್ಲಿ ಬರಹವು ಗೂಢಲಿಪಿಯಲ್ಲಿದ್ದು, ಅದರ ಕೀಲಿಯು ಯಂತ್ರದೊಳಗಿನ ಚಿಪ್ಪಿಗೂ ಒಡೆಯನ ಪಾಸ್‌ವರ್ಡಿಗೂ ಕಟ್ಟುಬಿದ್ದಿರುವುದು. ಮೆಮೊರಿ ಚಿಪ್ಪನ್ನು ಕಿತ್ತು ಓದಿದರೂ ದೊರೆಯುವುದು ಅರ್ಥವಿಲ್ಲದ ಅಂಕಿಗಳೇ.

ಈ ಬೀಗದ ಪ್ರಶ್ನೆಯು ಬೆಂಗಳೂರಿನ ೨೦೨೦ರ ಮಾದಕದ್ರವ್ಯದ ಮೊಕದ್ದಮೆಯೊಂದರಲ್ಲಿ ಎದ್ದಿತು. ೨೦೨೧ರ ಮಾರ್ಚ್ ೧೨ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜರು, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲವೆಂದೂ, ಒಳಗೆ ದೊರೆತುದನ್ನು ಇತರ ಪುರಾವೆಯಂತೆಯೇ ರುಜುವಾತುಪಡಿಸಬೇಕೆಂದೂ ನಿರ್ಣಯಿಸಿದರು. ಫೋನನ್ನು ಹೊರಗಿನ ಅಲೆಗಳು ತಾಗದ ಫ್ಯಾರಡೆ ಚೀಲದಲ್ಲಿಡಬೇಕು, ಸಿಮ್ ಕಾರ್ಡನ್ನು ತೆಗೆದು ಬೇರೆ ಇಡಬೇಕು, ಬ್ಯಾಟರಿಯು ಬರಿದಾಗಗೊಡಬಾರದು ಎಂಬ ಸೂಕ್ಷ್ಮಗಳೂ ಆ ತೀರ್ಪಿನಲ್ಲಿವೆ. ಉಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಬ್ಯಾಟರಿಯ ಮಾತು ಬಂದುದು ಕೆಲವರಿಗೆ ವಿನೋದವೆನಿಸಬಹುದು. ಒಬ್ಬನ ನಿರಪರಾಧಿತ್ವವು ಆ ಬ್ಯಾಟರಿಯ ಮೇಲೆಯೇ ನಿಂತಿರಲೂಬಹುದು.

೨೦೨೨ರಲ್ಲಿ ದಿಲ್ಲಿಯ ಸಿ. ಬಿ. ಐ. ವಿಶೇಷ ನ್ಯಾಯಾಲಯವೊಂದು ಪಾಸ್‌ವರ್ಡಿಗಾಗಿ ಆರೋಪಿಯನ್ನು ಬಲಾತ್ಕರಿಸಲಾಗದೆಂದು ಭಿನ್ನವಾಗಿ ನುಡಿಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಈ ವಾದಕ್ಕೆ ಕೈಹಾಕದೆ, ಹೊರತೆಗೆದ ಬರಹದ ಶುದ್ಧಿಯನ್ನೇ ನೋಡಿದೆ. ಅದರ ೬೩ನೆಯ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಎಂಬ ಅಂಕಮುದ್ರೆಯನ್ನು ಕಾಣಿಸಬೇಕು. ಮೂಲದ ಒಂದಕ್ಷರವು ಕದಲಿದರೂ ಆ ಅಂಕವು ಬೇರೆಯಾಗಿಬಿಡುವುದು.