ಕೇಳುವ ಮೊದಲು ಕೇಳಬೇಕು

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಕೆಲಸ. ಹಾಡು ಕೇಳುವುದೂ ಅದೇ, ಅಪ್ಪಣೆ ಕೇಳುವುದೂ ಅದೇ. ತರಗತಿಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಭಾಷೆಯ ಒಂದು ಚಮತ್ಕಾರ ಎಂದಷ್ಟೇ ತೋರುತ್ತಿತ್ತು. ಹಾಡಿನ ಹೆಸರು ಪತ್ತೆಹಚ್ಚುವ ಮೊಬೈಲ್ ಆಪ್‌ಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಈ ಎರಡು ಅರ್ಥಗಳ ನಂಟು ಅಷ್ಟು ಹಗುರವಾದದ್ದಲ್ಲ ಎನ್ನಿಸತೊಡಗಿತು.

ಹಾಡಿಗೆ ಹೆಸರು ಅಂಟಿಸುವ ತಾಪತ್ರಯ ಧ್ವನಿಮುದ್ರಣದಷ್ಟೇ ಹಳೆಯದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ರೆಕಾರ್ಡುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು, ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಇದೇ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮುಂದೆ ಹೆಸರು ಹೇಳುವ ಕೆಲಸ ರೇಡಿಯೋ ಉದ್ಘೋಷಕರ ಪಾಲಿಗೆ ಬಂತು. ಆದರೆ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮಂಟಪದಲ್ಲಿ ತೇಲಿಬರುವ ಹಾಡಿಗೆ ಉದ್ಘೋಷಕರೆಲ್ಲಿ? ಸಾಲು ನಾಲಿಗೆಯ ಮೇಲೆ ಉಳಿದು, ಹೆಸರು ಮಾತ್ರ ಕೈಗೆ ಸಿಗದೆ ಹೋಗುತ್ತಿತ್ತು.

ಈ ಚಡಪಡಿಕೆಗೆ ಮದ್ದು ಹುಡುಕಲು 1999ರಲ್ಲಿ ಕೆಲವು ಗೆಳೆಯರು ಸೇರಿ ಶಜಾಮ್ ಎಂಬ ಕಂಪನಿ ಕಟ್ಟಿದರು. 2002ರಲ್ಲಿ ಅದರ ಸೇವೆ ಬ್ರಿಟನ್ನಿನಲ್ಲಿ ಆರಂಭವಾಯಿತು. ಆಗ ಆಪ್ ಎಂಬುದಿರಲಿಲ್ಲ. ಫೋನಿನ ಗುಂಡಿಗಳ ನಡುಸಾಲನ್ನು ಮೇಲಿಂದ ಕೆಳಕ್ಕೆ ಒತ್ತಿದರೆ 2580, ಅದೇ ಅವರ ನಂಬರು. ಕರೆ ಮಾಡಿ ಹಾಡಿನ ಕಡೆಗೆ ಫೋನ್ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಕರೆ ತಾನೇ ಕಡಿದುಹೋಗಿ, ಹಾಡಿನ ಮತ್ತು ಹಾಡಿದವರ ಹೆಸರು ಸಂದೇಶವಾಗಿ ಬರುತ್ತಿತ್ತು.

ಯಂತ್ರಕ್ಕೆ ಗುರುತು ಹತ್ತುವುದು ಹೇಗೆ? ಅದರ ವಿಧಾನವನ್ನು ರೂಪಿಸಿದ ಏವರಿ ವಾಂಗ್ 2003ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಅದನ್ನು ನಮ್ಮ ಚುಕ್ಕಿ ರಂಗೋಲಿಯ ಮಾತಿನಲ್ಲಿ ಹೇಳಬಹುದು. ಕಾಲವನ್ನು ಅಡ್ಡಕ್ಕೆ, ಸ್ವರದ ಎತ್ತರವನ್ನು ಉದ್ದಕ್ಕೆ ಹಾಕಿ ಹಾಡನ್ನು ಹರಡಿದರೆ, ಧ್ವನಿ ಬಲವಾಗಿರುವ ಕಡೆಗಳಲ್ಲಿ ಮಾತ್ರ ಚುಕ್ಕಿ ಇಡಬಹುದು. ಎರಡೆರಡು ಚುಕ್ಕಿಗಳನ್ನು ಜೋಡಿಸಿ, ಅವುಗಳ ಎತ್ತರ ಎಷ್ಟು, ನಡುವಿನ ಅಂತರ ಎಷ್ಟು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ತನ್ನ ಭಾರೀ ದಫ್ತರದಲ್ಲಿ ಅದೇ ಜೋಡಿಗಳು ಅದೇ ಕ್ರಮದಲ್ಲಿ ಎಲ್ಲಿವೆ ಎಂದು ಹುಡುಕುತ್ತದೆ. ಓಡಾಡುವವರ ಕಾಲಿಗೆ ಸಿಕ್ಕಿ ರಂಗೋಲಿ ಅಲ್ಲಲ್ಲಿ ಅಳಿಸಿದ್ದರೂ ಯಾವುದೆಂದು ನಮಗೆ ತಿಳಿಯುವಂತೆ, ಗದ್ದಲದ ನಡುವೆಯೂ ಅದಕ್ಕೆ ಹಾಡು ತಿಳಿಯುತ್ತದೆ. ಆದರೆ ಅದು ಗುರುತಿಸುವುದು ಆ ಒಂದು ಮುದ್ರಿಕೆಯನ್ನು. ಭೀಮಸೇನ ಜೋಶಿಯವರು ಹಾಡಿದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಹೇಳೀತು, ಪಕ್ಕದ ಮನೆಯಾಕೆ ಶುಕ್ರವಾರ ಹಾಡಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

2008ರಲ್ಲಿ ಶಜಾಮ್ ಐಫೋನಿನ ಆಪ್ ಆಯಿತು. ಆಗ ಒಂದು ವಿಚಿತ್ರ ಎದುರಾಯಿತು. ಹೊರಗಿನ ಹಾಡನ್ನೆಲ್ಲ ಹೇಳುವ ಫೋನಿಗೆ ತನ್ನೊಳಗೇ ನುಡಿಯುವ ಹಾಡು ತಿಳಿಯದು! ಗೆಳತಿ ಕಳಿಸಿದ ವಿಡಿಯೋದ ಹಾಡು ಸ್ಪೀಕರಿನಿಂದ ಹೊರಬಿದ್ದು, ಗಾಳಿಯಲ್ಲಿ ಸುತ್ತಿ, ಅದೇ ಫೋನಿನ ಮೈಕಿಗೆ ಮರಳಿ ಬರಬೇಕಿತ್ತು. ಇಯರ್‌ಫೋನ್ ಹಾಕಿಕೊಂಡರೆ ಆ ದಾರಿಯೂ ಮುಚ್ಚಿತು. ಅಂಗೈಯಗಲದ ಪೆಟ್ಟಿಗೆಯೊಳಗೆ ಇಲ್ಲಿಂದ ಅಲ್ಲಿಗೆ ಸದ್ದು ದಾಟಿಸಲು ಇಷ್ಟು ಕಷ್ಟವೇ ಎಂದು ಯಾರಾದರೂ ಕೇಳಬಹುದು. ಕಷ್ಟ ಕೌಶಲದ್ದಲ್ಲ, ಮರ್ಯಾದೆಯದು. ಫೋನಿನೊಳಗೆ ಆಪ್‌ಗಳು ವಠಾರದ ಮನೆಗಳಂತೆ ಬೇರೆಬೇರೆಯಾಗಿ ಇರುತ್ತವೆ. ಪಕ್ಕದ ಮನೆಯ ಗೋಡೆಗೆ ಕಿವಿ ಹಚ್ಚುವುದು ಅಲ್ಲಿ ನಿಷಿದ್ಧ. ಹಾಡು ಕೇಳಲು ಬಿಟ್ಟ ಕಿಂಡಿಯಲ್ಲೇ ಮಗಳು ಕಳಿಸಿದ ಧ್ವನಿಸಂದೇಶವೂ, ನಮ್ಮ ಸುಖದುಃಖದ ಮಾತೂ ಕೇಳಿಸಬಹುದಲ್ಲವೇ? ದುಡ್ಡು ಕೊಟ್ಟು ನೋಡುವ ಸಿನಿಮಾದ ಧ್ವನಿಯನ್ನೂ ಕದಿಯಬಹುದಲ್ಲವೇ?

2019ರಲ್ಲಿ ಬಂದ ಆಂಡ್ರಾಯ್ಡ್ 10 ಈ ಗೋಡೆಯಲ್ಲಿ ಒಂದು ಬಾಗಿಲು ಇಟ್ಟಿತು, ಚಿಲಕ ಸಮೇತ. ಒಂದು ಆಪ್ ಇನ್ನೊಂದರ ಧ್ವನಿಯನ್ನು ಒಳಗಿನಿಂದಲೇ ಪಡೆಯಬಹುದು. ಆದರೆ ಮೊದಲು ಧ್ವನಿಮುದ್ರಣದ ಅನುಮತಿ ಬೇಕು. ಅದಲ್ಲದೆ, ಸೆರೆಹಿಡಿಯಲೇ ಎಂದು ಪರದೆಯ ಮೇಲೆ ಬೇರೆಯಾಗಿ ಕೇಳಿ ಒಪ್ಪಿಗೆ ಪಡೆಯಬೇಕು. ಹಾಡು ನುಡಿಸುತ್ತಿರುವ ಆಪ್ ಬೇಡವೆಂದರೆ ಅದರ ಧ್ವನಿ ಸಿಗದು. ಫೋನ್ ಕರೆಯ ಮಾತುಗಳಂತೂ ಈ ಬಾಗಿಲಿನ ಹೊರಗೇ ಉಳಿದವು. ಶಜಾಮನ್ನು 2018ರಲ್ಲಿ ಕೊಂಡುಕೊಂಡಿದ್ದ ಆಪಲ್, 2020ರಲ್ಲಿ ಐಫೋನಿನಲ್ಲೇ ಒಂದು ಗುಂಡಿ ಇಟ್ಟು, ಇಯರ್‌ಫೋನ್ ಹಾಕಿದ್ದಾಗಲೂ ಒಳಗಿನ ಹಾಡಿನ ಹೆಸರು ತಿಳಿಯುವಂತೆ ಮಾಡಿತು. ಅದೇ ವರ್ಷ ಐಫೋನಿನಲ್ಲಿ, 2021ರಲ್ಲಿ ಆಂಡ್ರಾಯ್ಡ್ 12ರಲ್ಲಿ, ಮೈಕು ತೆರೆದಾಗ ಪರದೆಯ ಮೇಲಂಚಿನಲ್ಲಿ ಗುರುತು ಮೂಡುವ ಏರ್ಪಾಡೂ ಬಂತು. ಮೊದಲನೆಯದರಲ್ಲಿ ಕಿತ್ತಳೆ ಬಣ್ಣ, ಎರಡನೆಯದರಲ್ಲಿ ಹಸಿರು. ಅದರ ಮೇಲೊಂದು ಕಣ್ಣಿಡುವುದು ಒಳ್ಳೆಯದು.

ಯಂತ್ರಕ್ಕೆ ಇಷ್ಟೆಲ್ಲ ಕಲಿಸಿದ ನಾವು ಏನು ಕಲಿತೆವು? ಕಳೆದ ವರ್ಷ ಬಂಧುಗಳ ಮನೆಯ ಸೀಮಂತದಲ್ಲಿ ಎಪ್ಪತ್ತು ದಾಟಿದ ಅತ್ತೆಯೊಬ್ಬರು ಸೋಬಾನೆ ಎತ್ತಿಕೊಂಡರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಹತ್ತು ಮೊಬೈಲುಗಳು ಮೇಲೆದ್ದಿದ್ದವು. ಸಂಜೆಗೆ ಅವರ ನಡುಗುವ ದನಿ ಮೂರು ಊರುಗಳ ವಾಟ್ಸಾಪ್ ಗುಂಪುಗಳಲ್ಲಿತ್ತು. ಹಾಡಿದವರು ಯಾರೆಂಬುದು ಒಂದರಲ್ಲೂ ಇರಲಿಲ್ಲ. “ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?” ಎಂದರು ಅತ್ತೆ. ಆಮೇಲಿನ ಎರಡು ಸಮಾರಂಭಗಳಲ್ಲಿ ಎಷ್ಟು ಬಲವಂತ ಮಾಡಿದರೂ ಅವರು ಬಾಯಿ ಬಿಡಲಿಲ್ಲ.

ಅವರ ಸೋಬಾನೆ ಯಾವ ದಫ್ತರದಲ್ಲೂ ಇಲ್ಲ. ಯಾವ ಆಪೂ ಅದರ ಹೆಸರು ಹೇಳಲಾರದು. ಅದು ಉಳಿಯಬೇಕಾದರೆ ಯಾರಾದರೂ ಅವರ ಹತ್ತಿರ ಕೂತು, “ಅತ್ತೆ, ಬರೆದುಕೊಳ್ಳಲಾ?” ಎಂದು ಕೇಳಬೇಕು. ಅವರು ಹೂಂ ಎಂದ ಮೇಲೆ ಹಾಡನ್ನೂ, ಅದರ ಕೆಳಗೆ ಅವರ ಹೆಸರನ್ನೂ ಬರೆಯಬೇಕು.